ತೊಗಟೆಯ ಹಿಡಿ

“ನೋಡಿದ್ದು ಸಾಕು, ಅಳತೆ ತಗೋ,” ಎಂದಳು ರೌನಾ.

ಪಿಯೆರಾ ನೋಡುತ್ತಿದ್ದುದು ಅವಳ ಬಲಗೈಯನ್ನು. ಅವನ ಕೆಲಸದ ಮೇಜಿನ ಮೇಲೆ, ಮರದ ಹೊಟ್ಟಿನ ನಡುವೆ ಅವಳು ಅದನ್ನು ಅಂಗೈ ಮೇಲಾಗಿ ಇಟ್ಟಿದ್ದಳು. ನಾಲ್ಕು ಬೆರಳು ಇದ್ದ ಹಾಗೇ ಇದ್ದವು. ಹೆಬ್ಬೆರಳಿದ್ದ ಜಾಗದಲ್ಲಿ ಒಂದು ಗುಬುಟು, ಅದರ ಮೇಲೆ ಹೊಲಿಗೆ ಹಾಕಿದ ಗೆರೆ. ಕಳೆದ ನವೆಂಬರಿನಲ್ಲಿ ಹಿಂಡು ಬೇರ್ಪಡಿಸುವಾಗ ಕುಣಿಕೆ ಹಗ್ಗ ಆ ಬೆರಳಿಗೆ ಸುತ್ತಿಕೊಂಡಿತ್ತು. ಹಗ್ಗದ ಒಂದು ತುದಿಯಲ್ಲಿ ಮೂರು ವರ್ಷದ ಗಂಡು ಹಿಮಸಾರಂಗ, ಇನ್ನೊಂದು ತುದಿಯನ್ನು ಅವಳ ಅಣ್ಣನ ಮಗ ಊಲಾನ ಮೋಟಾರು ಹಿಮಬಂಡಿಗೆ ಕಟ್ಟಿತ್ತು. ಸಾರಂಗ ಒಂದು ಕಡೆ ಎಳೆಯಿತು, ಬಂಡಿ ಇನ್ನೊಂದು ಕಡೆ ಚಿಮ್ಮಿತು. ಈ ಊರಿನಲ್ಲಿ ಬೆರಳು ಕಳೆದುಕೊಂಡವರಿಗೆ ಬರವಿಲ್ಲ. ಕಿರುಬೆರಳು ಹೋದರೆ ಜನ ತಮಾಷೆ ಮಾಡುತ್ತಾರೆ. ಹೆಬ್ಬೆರಳು ಹೋದರೆ ಮಾತ್ರ ದನಿ ತಗ್ಗಿಸುತ್ತಾರೆ.

“ನಿಮ್ಮಪ್ಪನ ಚಾಕು ಇದೆಯಲ್ಲ ರೌನಕ್ಕ, ಒಳ್ಳೇ ಚಾಕು ಅದು,” ಎಂದ ಪಿಯೆರಾ.

“ಇದೆ. ನಮ್ಮಪ್ಪನಿಗೆ ಹತ್ತು ಬೆರಳಿತ್ತು.”

“ಎಡಗೈ ಅಭ್ಯಾಸ ಮಾಡಿಕೊಂಡ್ರೆ?”

“ಎಡಗೈಲಿ ಚಾಕು ಹಿಡಿದ್ರೆ ಬಲಗೈಲಿ ಕಿವಿ ಮಡಚ್ಬೇಕು. ಹೆಬ್ಬೆರಳಿಲ್ದೆ ಒದ್ದಾಡೋ ಮರಿ ಕಿವಿ ಹೇಗೋ ಹಿಡೀಲಿ? ಹಲ್ಲಲ್ಲಿ ಹಿಡೀಲಾ?” ಅವಳು ನಕ್ಕಳು, ಆದರೆ ಕೈಯನ್ನು ಮೇಜಿನಿಂದ ತೆಗೆಯಲಿಲ್ಲ. “ಎಲ್ಲಾ ಯೋಚನೆ ಮಾಡೇ ಬಂದಿದೀನಿ. ಏಳು ತಿಂಗಳು ನನಗೇನು ಬೇರೆ ಕೆಲಸ ಇತ್ತು?”

ಆಮೇಲೆ ಅವಳು ವಿಷಯಕ್ಕೆ ಬಂದಳು. ಈ ಸಲ ಮರಿ ಯಾರದೆಂದು ತಿಳಿಯಲು ಅದರ ಕಿವಿ ಕುಯ್ದು ಗುರುತು ಹಾಕುವಾಗ ನೀನು ದೊಡ್ಡಿಯ ಹೊರಗೆ ಕೂತು ಕಾಫಿ ಕಾಸು ಅತ್ತೆ, ನಿನ್ನ ಮರಿಗಳ ಕಿವಿಯನ್ನು ನಾನೇ ಕುಯ್ಯುತ್ತೇನೆ ಎಂದಿದ್ದನಂತೆ ಊಲಾ. ಅಷ್ಟೇ ಆಗಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳು. ಮುಂದಿನ ವರ್ಷ ಅವಳ ಗುರುತನ್ನು ತನ್ನ ಮಗಳ ಹೆಸರಿಗೆ ಬರೆಸಿ, ಅವಳ ಹಿಂಡನ್ನು ತನ್ನದರೊಳಗೆ ಸೇರಿಸಿಕೊಂಡು, ಅವಳನ್ನು ಊರಿನ ಮನೆಯಲ್ಲೇ ಬೆಚ್ಚಗೆ ಇರಿಸಬೇಕೆಂದೂ ಅವನು ಹೇಳಿದ್ದ. ಪ್ರೀತಿಯಿಂದಲೇ ಹೇಳಿದ್ದ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

“ಗುರುತು ಕೊಡಲ್ಲ ಅಂತಲ್ಲ ಕಣೋ. ಆ ಮಗೂಗಲ್ದೆ ಇನ್ಯಾರಿಗೆ ಕೊಡ್ಲಿ? ಆದ್ರೆ ಕೊಡೋ ದಿನ ನಾನು ಹೇಳ್ಬೇಕು. ಎಂಟು ವರ್ಷದವಳಿದ್ದಾಗಿಂದ ನನ್ನ ಮರಿಗಳ ಕಿವೀನ ನಾನೇ ಕುಯ್ದಿದೀನಿ. ಅರವತ್ತು ಬೇಸಿಗೆ.” ಅವಳು ಸ್ವಲ್ಪ ತಡೆದಳು. “ಊಲಾಗೆ ಹೇಳಿದೀನಿ, ಈ ಸಲ ನಾನೇ ಕುಯ್ತೀನಿ, ಒಂದು ತಪ್ಪಿದ್ರೂ ಚಾಕು ನಿನ್ನ ಕೈಗೆ ಕೊಟ್ಬಿಡ್ತೀನಿ ಅಂತ.”

“ಯಾಕೆ ಹಾಗಂದೆ?”

“ಬಾಯಿ ಅಲ್ವಾ, ಬಂದ್ಬಿಡ್ತು.”

ತಪ್ಪುವುದೆಂದರೆ ಏನೆಂದು ಪಿಯೆರಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೌನಾಳ ಗುರುತು ಬಲಗಿವಿಯ ತುದಿಗೆ ಓರೆ ಕುಯ್ತ, ಎಡಗಿವಿಯ ಹಿಂದಂಚಿನಲ್ಲಿ ಚೂರು ತೆಗೆದ ಒಂದು ಕಚ್ಚು. ಪಿಯೆರಾನ ಮನೆತನದ ಗುರುತು ಬಲಗಿವಿಯ ತುದಿ ಓರೆ, ಎಡಗಿವಿಯಲ್ಲಿ ಎರಡು ಕಚ್ಚು. ಎಂದೋ ಅಕ್ಕತಂಗಿಯರಾಗಿದ್ದ ಇಬ್ಬರು ಹೆಂಗಸರಿಂದ ಇಳಿದು ಬಂದ ಗುರುತುಗಳು ಅವು. ಅವಳ ಕೈ ಒಂದು ಸಲ ಜಾರಿ ಇನ್ನೊಂದು ಕಚ್ಚು ಬಿದ್ದರೆ ಆ ಮರಿ ಪಿಯೆರಾನದು. ಯಾವ ಸಾರಂಗದ ಹಿಂದೆ ಓಡಾಡುತ್ತಿತ್ತು, ಯಾರ ಹಾಲು ಕುಡಿದಿತ್ತು ಎಂಬುದೆಲ್ಲ ಆಮೇಲೆ ಲೆಕ್ಕಕ್ಕಿಲ್ಲ. ಕಿವಿ ಹೇಳಿದ್ದೇ ಕೊನೆಯ ಮಾತು. ಹಿಂದೆ ಒಮ್ಮೆ ರೌನಾಳ ಅಪ್ಪನ ಚಾಕು ಹೀಗೇ ಜಾರಿತ್ತು. ಪಿಯೆರಾನ ಅಪ್ಪ ನಿಯಮ ನಿಯಮವೇ ಎಂದು ಮರಿ ಇಟ್ಟುಕೊಂಡ. ಹನ್ನೊಂದು ವರ್ಷ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕಾಫಿ ಕುಡಿಯಲಿಲ್ಲ.

ಅದಕ್ಕೇ ಇರಬೇಕು, ಅವಳು ಬಂದದ್ದು ಪಿಯೆರಾನಿಗೆ ಹೆಮ್ಮೆಯೂ ಆಯಿತು, ಎದೆ ಸ್ವಲ್ಪ ಭಾರವೂ ಆಯಿತು. ಅವನು ಚಾಕು ಮಾಡತೊಡಗಿ ಇಪ್ಪತ್ತಾರು ವರ್ಷವಾಗಿತ್ತು. ನದಿಯ ಈ ದಡದಲ್ಲೂ ಆಚೆಯ ನಾರ್ವೆ ದಡದಲ್ಲೂ ಅವನ ಚಾಕಿಗೆ ಹೆಸರಿತ್ತು. ರೌನಾ ಮಾತ್ರ ಒಂದು ದಿನವೂ ಅವನಿಂದ ಚಾಕು ತೆಗೆದುಕೊಂಡಿರಲಿಲ್ಲ.

ಅವನು ಮೇಣ ಬಿಸಿಮಾಡಿ ಉಂಡೆ ಕಟ್ಟಿ ಅವಳ ಅಂಗೈಯಲ್ಲಿಟ್ಟ. ಅವಳು ಹಿಚುಕಿದಳು. ಬೆರಳುಗಳ ನಾಲ್ಕು ಹಳ್ಳ, ಅಂಗೈಯ ಒಂದು ಉಬ್ಬು ಅದರಲ್ಲಿ ಮೂಡಿದವು.

“ಹನ್ನೆರಡು ದಿನ ಕೊಡು,” ಎಂದ.

“ಹತ್ತು ತಗೋ. ಮರಿ ನನಗೋಸ್ಕರ ಕಾಯಲ್ಲ.”

ಒಂಬತ್ತನೆಯ ದಿನಕ್ಕೇ ಚಾಕು ತಯಾರಾಯಿತು. ಪಿಯೆರಾ ಇಂಥದೊಂದು ಕೆಲಸಕ್ಕೆಂದು ಐದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಭೂರ್ಜದ ಗಂಟುಮರವನ್ನು ತೆಗೆದ. ಸುರುಳಿ ಸುರುಳಿಯಾಗಿ ಓಡುವ ಅದರ ನರಗಳು ಕಾಣುವಂತೆ ಉಜ್ಜಿದ, ಎಣ್ಣೆ ಕುಡಿಸಿದ, ಮತ್ತೆ ಉಜ್ಜಿದ. ಎರಡೂ ತುದಿಗೆ ಕೊಂಬಿನ ಬಿಲ್ಲೆ ಕೂಡಿಸಿದ. ನಡು ಸ್ವಲ್ಪ ಸಣ್ಣ, ಹಿಂಬದಿ ಸ್ವಲ್ಪ ದಪ್ಪ. ಮೇಣದ ಅಚ್ಚಿನಲ್ಲಿದ್ದ ಹಳ್ಳಗಳನ್ನು ಅಷ್ಟಷ್ಟೇ ತೋರುವಂತೆ ಕೆತ್ತಿದ, ಅಂದ ಕೆಡದ ಹಾಗೆ. ಅವನ ಹೆಂಡತಿ ಸುನ್ನಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು.

“ಚೆನ್ನಾಗಿದೆ. ಇದನ್ನ ರೌನಕ್ಕನಿಗೆ ಮಾಡಿದ್ದಾ, ಗೋಡೆಗೆ ಮಾಡಿದ್ದಾ?”

“ನಿನಗೇನು ಗೊತ್ತಾಗುತ್ತೆ,” ಎಂದ ಪಿಯೆರಾ. ಮಾತು ಒಳಗೆ ಎಲ್ಲೋ ಚುಚ್ಚಿತು, ಅವನು ಅದನ್ನು ತೋರಿಸಿಕೊಳ್ಳಲಿಲ್ಲ.

ಪಿಯೆರಾ ಚಾಕು ತಂದಾಗ ರೌನಾ ತನ್ನ ಮನೆಯ ಹಿಂದೆ ನದಿಯ ಪಕ್ಕದ ಹಲಗೆಯಲ್ಲಿ ಬಿಳಿಮೀನು ಹೆಚ್ಚುತ್ತಿದ್ದಳು. ಹೆಚ್ಚುತ್ತಿದ್ದಳು ಎಂದರೆ ಎಡಗೈಯಲ್ಲಿ, ಸೊಟ್ಟಸೊಟ್ಟ. ಅವಳು ಚಾಕನ್ನು ನೋಡಿದಳು. ಚೆಂದವಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬಲಗೈಯನ್ನು ಮೀನಿನ ಕರುಳಿನ ಬಕೆಟ್ಟಿನಲ್ಲಿ ಮಣಿಕಟ್ಟಿನವರೆಗೆ ಅದ್ದಿ ತೆಗೆದಳು.

“ಅಯ್ಯೋ, ಏನು ಮಾಡ್ತಿದೀಯ!” ಎಂದು ಪಿಯೆರಾ ಕೂಗಿಬಿಟ್ಟ.

“ದೊಡ್ಡೀಲಿ ನಾನು ಸೋಪು ಹಾಕಿ ಕೈ ತೊಳ್ಕೊಂಡು ಕುಯ್ತೀನಾ?” ಆ ಕೈಯಲ್ಲೇ ಚಾಕನ್ನು ಹಿಡಿದು ಮೀನಿನ ಹೊಟ್ಟೆಗೆ ಇಟ್ಟು ಎಳೆದಳು. ಮೊದಲ ಅರ್ಧ ಗೇಣು ಸಲೀಸಾಗಿ ಹೋಯಿತು. ಅಲಗಿಗೆ ಮೂಳೆ ತಗಲಿದೊಡನೆ ಹಿಡಿ ಅವಳ ಮುಷ್ಟಿಯೊಳಗೆ ತಿರುಗಿ ಅಲಗು ಮಗ್ಗುಲಾಗಿ ಮಲಗಿತು. ಇನ್ನೊಂದು ಮೀನು ತೆಗೆದುಕೊಂಡಳು. ಮತ್ತೆ ತಿರುಗಿತು.

“ಮೀನಿನ ಲೋಳೆ ಜಾಸ್ತಿ ಜಾರುತ್ತೆ. ರಕ್ತಕ್ಕೆ ಇಷ್ಟು ಜಾರಲ್ಲ,” ಎಂದ ಪಿಯೆರಾ.

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ,” ಎಂದಳು ರೌನಾ. “ಇದು ಹೆಬ್ಬೆರಳು ಇರೋರ ಹಿಡಿ ಕಣೋ. ಹಳ್ಳ ಎಲ್ಲಾ ಇಟ್ಟಿದೀಯ. ಆದ್ರೆ ನನ್ನ ಕೈಲಿ ಏನಿಲ್ವೋ ಅದನ್ನ ನೀನು ನೋಡೇ ಇಲ್ಲ.”

ಬೇರೆ ಯಾರಾದರೂ ಹೇಳಿದ್ದರೆ ಪಿಯೆರಾ ಚಾಕನ್ನು ಒರೆಸಿ ಎತ್ತಿಕೊಂಡು ಹೋಗಿಬಿಡುತ್ತಿದ್ದ. ಅವನಿಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಮಾಡಿದ ಹಿಡಿಗಳನ್ನೆಲ್ಲ ಜನ ಕಣ್ಣಿನಿಂದ ಹೊಗಳಿದ್ದರು, ಕೈಯಿಂದ ಹೊಗಳಿದವರು ಎಷ್ಟು ಜನ ಎಂದು ಅವನಿಗೆ ಆ ಹೊತ್ತು ನೆನಪಾಗಲಿಲ್ಲ.

“ಹಾಗಾದ್ರೆ ನೀನು ಹೇಗೆ ಕುಯ್ತೀಯ, ತೋರಿಸು,” ಎಂದ.

ಅವಳು ಅವನನ್ನು ಒಳಗೆ ಕರೆದುಕೊಂಡು ಹೋದಳು. ನೆಲದ ಮೇಲೆ ಹಳೆಯ ಸಾರಂಗದ ತೊಗಲೊಂದನ್ನು ಸುರುಳಿ ಸುತ್ತಿ ಹಗ್ಗ ಬಿಗಿದಳು. ಅದು ಮರಿಯಾಯಿತು. ಅವಳು ಅದರ ಮೇಲೆ ಒಂದು ಮಂಡಿಯೂರಿ, ಎಡಗೈಯಲ್ಲಿ ಇಲ್ಲದ ಕಿವಿಯನ್ನು ಮಡಚಿ ಹಿಡಿದು, ಬಲಗೈ ಸೊಂಟದ ಚಾಕಿಗೆ ಹಾಕಿದಳು. ಅಪ್ಪನ ಚಾಕು ಒರೆಯಲ್ಲಿ ಅರ್ಧ ಹಿಡಿಯವರೆಗೆ ಹೂತು ಕೂತಿತ್ತು. ಒಳ್ಳೆಯ ಒರೆ ಹಾಗೇ ಇರಬೇಕು. ಬೆಟ್ಟದಲ್ಲಿ ಬಿದ್ದರೂ ಎದ್ದರೂ ಚಾಕು ಹೊರಗೆ ಬರಬಾರದು. ಅದನ್ನು ತೆಗೆಯಬೇಕೆಂದರೆ ಒರೆಯ ಬಾಯಿಗೆ ಹೆಬ್ಬೆರಳು ಒತ್ತಿ ಸಡಿಲಿಸಬೇಕು. ಅವಳ ಗುಬುಟು ಒರೆಯ ಬಾಯಿಯನ್ನು ಹುಡುಕಿತು, ಜಾರಿತು, ಮತ್ತೆ ಹುಡುಕಿತು. ಜೊತೆಗೆ ಮಂಡಿಯೂರಿದ್ದರಿಂದ ಒರೆ ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಕೊನೆಗೆ ಅವಳು ಎಡಗೈಯನ್ನೂ ತಂದು ಎರಡು ಕೈಯಲ್ಲಿ ಚಾಕನ್ನು ಕಿತ್ತಳು. ಅಷ್ಟರಲ್ಲಿ ಇಲ್ಲದ ಕಿವಿ ಬಿಟ್ಟುಹೋಗಿತ್ತು.

“ಇದನ್ನ ಯಾರಿಗೂ ತೋರಿಸಿಲ್ಲ,” ಎಂದಳು ರೌನಾ, ತೊಗಲಿನ ಮೇಲೆ ಮಂಡಿಯೂರಿದ್ದ ಹಾಗೇ.

ಪಿಯೆರಾ ಬಗ್ಗಿ ಅವಳೆದುರು ನೆಲದಲ್ಲಿ ಕೂತ. ಮೊದಲ ಸಲ ಅವನಿಗೆ ಕಾಣಿಸಿತು: ಮೇಜಿನ ಮುಂದೆ ಕೂತಾಗಿನ ಕೈ ಬೇರೆ, ಮರಿಯ ಮೇಲೆ ಬಗ್ಗಿದಾಗಿನ ಕೈ ಬೇರೆ. ಇಲ್ಲಿ ಮಣಿಕಟ್ಟು ಮಡಚಿ ಕೆಳಗೆ ಬಾಗುತ್ತಿತ್ತು, ಬಲವೆಲ್ಲ ಅಂಗೈಯ ಬುಡದಿಂದ ಬರುತ್ತಿತ್ತು. ಗುಬುಟಿನ ಬಳಿ ಹಿಡಿಗೂ ಕೈಗೂ ನಡುವೆ ಒಂದು ಮೊಟ್ಟೆ ಹಿಡಿಸುವಷ್ಟು ಖಾಲಿ ಜಾಗ. ಹಿಡಿ ತಿರುಗುತ್ತಿದ್ದದ್ದು ಆ ಖಾಲಿಯೊಳಕ್ಕೆ.

“ರೊಟ್ಟಿ ಹಿಟ್ಟಿದೆಯಾ?” ಎಂದು ಕೇಳಿದ.

“ಹಸಿವಾ?”

“ಅಳತೆಗೆ.”

ಅವಳು ನಗುತ್ತಾ ಹೋಗಿ ಕಲಸಿಟ್ಟ ಹಿಟ್ಟು ತಂದಳು. ಅವನು ಅವಳ ಕೈಗೆ ಮೀನೆಣ್ಣೆ ಸವರಿ, ತೊಗಲಿನ ಮೇಲೆ ಮಂಡಿಯೂರಿಸಿ, ಹಿಟ್ಟಿನ ಮುದ್ದೆ ಕೊಟ್ಟು, ಕುಯ್ಯುವಂತೆ ಬಲ ಹಾಕಿ ಒತ್ತು ಎಂದ. ಬಂದ ಆಕಾರ ಕೆಟ್ಟ ಆಲೂಗಡ್ಡೆಯ ಹಾಗಿತ್ತು. ಅವನು ಅದನ್ನು ಟೋಪಿಯಲ್ಲಿಟ್ಟುಕೊಂಡು ಮಗುವನ್ನು ಒಯ್ಯುವಂತೆ ಮನೆಗೆ ಒಯ್ದ. ಸುನ್ನಾ ಅದನ್ನು ಬೇಯಿಸಲೇ ಎಂದು ಕೇಳಿದಳು.

ಈ ಸಲ ಅವನು ಗಂಟುಮರದ ಗೊಡವೆಗೆ ಹೋಗಲಿಲ್ಲ. ಭೂರ್ಜದ ತೊಗಟೆಯನ್ನು ಬೆಂಕಿಪೆಟ್ಟಿಗೆಯಷ್ಟು ಅಗಲದ ಬಿಲ್ಲೆಗಳಾಗಿ ಕತ್ತರಿಸಿ, ನಡುವೆ ತೂತು ಮಾಡಿ, ಅಲಗಿನ ಹಿಂದಿನ ಕಡ್ಡಿಗೆ ಒಂದರ ಮೇಲೊಂದು ಪೋಣಿಸಿ ಬಿಗಿದ. ನೂರಕ್ಕೂ ಮೇಲೆ ಬಿಲ್ಲೆಗಳು. ಅವನ ಅಜ್ಜಿಯ ಕಾಲದಲ್ಲಿ ಕೊಂಬು, ಗಂಟುಮರ ಸಿಗದ ಬಡವರು ಹೀಗೆ ಮಾಡಿಕೊಳ್ಳುತ್ತಿದ್ದರು. ತೊಗಟೆ ಎಷ್ಟು ನೆನೆದರೂ ಜಾರುವುದಿಲ್ಲ, ಚಳಿಯಲ್ಲಿ ಕೈಯ ಬಿಸಿಯನ್ನು ಹೀರುವುದೂ ಇಲ್ಲ. ಇದು ಅವನಿಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಮಾಡದೆ ಇದ್ದದ್ದು ಅದಕ್ಕೆ ಹೊಳಪು ಬರುವುದಿಲ್ಲವೆಂದು.

ಹಿಟ್ಟಿನ ಮುದ್ದೆ ಒಣಗಿ ಕಲ್ಲಾಗಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಅವನು ತೊಗಟೆಯನ್ನು ಕೆತ್ತಿದ. ಅಂಗೈಯ ಬುಡ ಕೂರಲು ಹಿಂದೆ ಅಗಲವಾದ ದಿಣ್ಣೆ. ತೋರುಬೆರಳಿಗೆ ಮುಂದೆ ಆಳವಾದ ಹಳ್ಳ. ಹೆಬ್ಬೆರಳಿಲ್ಲದ ಕಡೆ, ಆ ಮೊಟ್ಟೆಯಷ್ಟು ಖಾಲಿಗೆ, ಒಂದು ಉಬ್ಬು. ಗುಬುಟು ಬಂದು ಅದಕ್ಕೆ ಒರಗಬೇಕು, ಹಿಡಿ ತಿರುಗಲು ಹೋದರೆ ಅದು ತಡೆಯಬೇಕು. ಒಟ್ಟಿನಲ್ಲಿ ನೋಡಲು ಗೂನುಬೆನ್ನಿನ ಕಪ್ಪೆ. ಪಿಯೆರಾ ಅದನ್ನು ಮುಗಿಸಿದ ದಿನ ತನ್ನ ಕೈಯಲ್ಲಿ ಹಿಡಿದು ನೋಡಿದ. ಅವನಿಗೆ ಅದು ಒಗ್ಗಲೇ ಇಲ್ಲ. ಹೆಬ್ಬೆರಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವನು ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಅಷ್ಟು ಸಂತೋಷವಾಗಿ ಬಹಳ ದಿನವಾಗಿತ್ತು.

ಉಳಿದದ್ದು ಒರೆ. ಸೊಂಟದಿಂದ ಅದು ಹೋಗಲೇಬೇಕಿತ್ತು. ಅವನು ಚರ್ಮವನ್ನು ನೆನೆಸಿ ಅಲಗಿನ ಮೈಗೆ ಅಂಟುವಂತೆ ಹೊಲಿದು, ತಲೆಕೆಳಗಾಗಿ ಕೊರಳಿಗೆ ನೇತುಹಾಕುವಂತೆ ಮಾಡಿದ. ಹಿಡಿ ಕೆಳಗೆ, ಅಲಗು ಮೇಲೆ. ಚರ್ಮದ ಒಂದು ಮಡಿಕೆ ಹಿಡಿಯ ಕತ್ತನ್ನು ಕಚ್ಚಿ ಹಿಡಿದಿರುತ್ತದೆ; ನಾಲ್ಕು ಬೆರಳಲ್ಲಿ ಹಿಡಿದು ಕೆಳಕ್ಕೆ ಎಳೆದರೆ ಬಿಡುತ್ತದೆ. ಮಂಡಿಯೂರಿದರೂ ಮಲಗಿದರೂ ಅದು ಎದೆಯ ಮೇಲೇ ಇರುತ್ತದೆ.

ರೌನಾ ಅದನ್ನು ಕೊರಳಿಗೆ ಹಾಕಿಕೊಂಡು ಎಳೆದಳು. ಒರೆಗೆ ತಳ್ಳಿದಳು. ಮತ್ತೆ ಎಳೆದಳು. ಬಕೆಟ್ಟಿನಲ್ಲಿ ಕೈ ಅದ್ದಿ ಹನ್ನೆರಡು ಮೀನು ಹೆಚ್ಚಿದಳು.

“ಎಷ್ಟು ಕೆಟ್ಟದಾಗಿದೆಯೋ ಇದು,” ಎಂದಳು. ಅವಳ ಕಣ್ಣು ತುಂಬಿತ್ತು.

ಜೂನ್ ಕೊನೆಯಲ್ಲಿ ಗಾಳಿ ಬಡಗಣಕ್ಕೆ ತಿರುಗಿ ಮೋಡ ಕವಿಯಿತು. ಸೊಳ್ಳೆ ಇರಲಿಲ್ಲ, ಮರಿಗಳು ಸೆಕೆಗೆ ಬಳಲುವ ಭಯವೂ ಇರಲಿಲ್ಲ. ಹಗಲಲ್ಲೇ ಗುರುತು ಹಾಕಿಬಿಡೋಣವೆಂದು ಎಲ್ಲರೂ ಬೆಟ್ಟದ ಮೇಲಿನ ದೊಡ್ಡಿಗೆ ಬಂದರು. ಹಿಂಡು ಬೇಲಿಯೊಳಗೆ ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಗೊರಸುಗಳ ಟಿಕಟಿಕ ಸದ್ದು, ಮರಿಗಳ ಗೊರಗೊರ, ತಾಯಿಗಳ ಉತ್ತರ. ಊಲಾ ನಡುವೆ ನಿಂತು, ಯಾರ ಸಾರಂಗದ ಹಿಂದೆ ಯಾವ ಮರಿ ಎಂದು ನೋಡಿ ನೋಡಿ ಕುಣಿಕೆ ಎಸೆಯುತ್ತಿದ್ದ. ಅವನಷ್ಟು ಚೆನ್ನಾಗಿ ಎಸೆಯುವವರು ಇರಲಿಲ್ಲ. ನವೆಂಬರಿನ ನಂತರ ಮಾತ್ರ ಅವನು ಹಗ್ಗದ ತುದಿಯನ್ನು ಯಾವುದಕ್ಕೂ ಕಟ್ಟುತ್ತಿರಲಿಲ್ಲ, ತನ್ನ ಮುಷ್ಟಿಯಲ್ಲೇ ಇಟ್ಟುಕೊಳ್ಳುತ್ತಿದ್ದ.

ರೌನಾಳ ಎದೆಯ ಮೇಲೆ ತೂಗುತ್ತಿದ್ದ ಚಾಕನ್ನು ನೋಡಿ ಬೇಲಿಯ ಬಳಿ ಕೂತಿದ್ದ ಮುದುಕನೊಬ್ಬ ಕೂಗಿದ. “ಏನು ರೌನಾ, ಪ್ರವಾಸಿಗಳ ಥರ ಕೊರಳಿಗೆ ಕಟ್ಕೊಂಡು ಬಂದಿದೀಯ? ದಾರಿ ತಪ್ಪಿದ್ರೆ ಊದೋಕೆ ಒಂದು ಸೀಟೀನೂ ಕಟ್ಕೋಬೇಕಿತ್ತು!”

“ನೀನು ಸೊಂಟಕ್ಕೆ ಕಟ್ಕೊಂಡಿರೋದು ನಿನಗೆ ಕಾಣಿಸಿ ಎಷ್ಟು ವರ್ಷ ಆಯ್ತಪ್ಪಾ? ಹೊಟ್ಟೆ ಎತ್ತಿ ನೋಡ್ಕೋ, ಇದೆಯೋ ಬಿದ್ದು ಹೋಗಿದೆಯೋ,” ಎಂದಳು ಅವಳು. ಬೇಲಿಯುದ್ದಕ್ಕೂ ನಗೆ ಎದ್ದಿತು. ಊಲಾ ನಗಲಿಲ್ಲ.

ಮರಿಗಳನ್ನು ಅದುಮಿ ಹಿಡಿಯುವ ಕೆಲಸ ಪಿಯೆರಾ ತಾನಾಗಿ ವಹಿಸಿಕೊಂಡಿದ್ದ. ಮೊದಲ ಮರಿ ಬಂತು. ಅವನು ಅದನ್ನು ಮಗ್ಗುಲಿಗೆ ಮಲಗಿಸಿ ಒಂದು ಕೈಯಲ್ಲಿ ಮುಂಗಾಲು, ಇನ್ನೊಂದು ಕೈಯಲ್ಲಿ ಗದ್ದ ಹಿಡಿದ. ರೌನಾ ಮಂಡಿಯೂರಿದಳು. ಅವಳ ಬಲಗೈ ಎದೆಗೆ ಹೋಯಿತು, ಕೆಳಕ್ಕೆ ಎಳೆಯಿತು, ಚಾಕು ಹೊರಗಿತ್ತು. ಬಲಗಿವಿಯ ತುದಿ ಓರೆ. ಎಡಗಿವಿಯನ್ನು ಮಡಚಿ, ಮಡಿಕೆಯ ಮೇಲೆ ಒಂದೇ ಎಳೆತ, ಒಂದು ಕಚ್ಚು. ಮರಿಗೊಂದರಂತೆ ಎಣಿಕೆಗೆ ಉಳಿಸಿಕೊಳ್ಳುವ ಕಿವಿಯ ಚೂರನ್ನು ಅವಳು ಜೇಬಿಗೆ ಹಾಕಿಕೊಂಡಳು. ಪಿಯೆರಾ ಕೈ ಬಿಟ್ಟ. ಮರಿ ಎದ್ದು ತಲೆಯೊದರಿ ತಾಯಿಯ ಕಡೆ ಓಡಿತು.

ಎರಡು. ಐದು. ಒಂಬತ್ತು. ಊಲಾ ಪ್ರತಿ ಮರಿಯನ್ನೂ ತಂದು ಕೊಟ್ಟು ಒಂದು ಕ್ಷಣ ನಿಂತು ಅತ್ತೆಯ ಕೈಯನ್ನು ನೋಡುತ್ತಿದ್ದ, ನೋಡಲಾರದೆ ತಿರುಗಿ ಹೋಗುತ್ತಿದ್ದ. ರೌನಾ ಈಗ ಏದುಸಿರು ಬಿಡುತ್ತಿದ್ದಳು, ಆದರೆ ಮುಖ ಬಿಚ್ಚಿಕೊಂಡಿತ್ತು. ಹನ್ನೊಂದು. ಹದಿಮೂರು.

ಹದಿನಾಲ್ಕನೆಯದು ಬಲವಾದ ಹೆಣ್ಣುಮರಿ. ಬಲಗಿವಿ ಮುಗಿಯಿತು. ಎಡಗಿವಿಗೆ ಅವಳ ಕೈ ಬಂದಾಗ ಅದು ಪಿಯೆರಾನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ತೊಗಟೆ ರಕ್ತ ಕುಡಿದು ಕಪ್ಪಾಗಿತ್ತು. ಅಂಗೈಯ ಬುಡ ದಿಣ್ಣೆಯ ಮೇಲೆ ಅವನು ಎಣಿಸಿದ ಜಾಗದಲ್ಲೇ ಕೂತಿತ್ತು. ಗುಬುಟು ಉಬ್ಬಿಗೆ ಒರಗಿತ್ತು, ಇಬ್ಬರು ಹಳೆಯ ಗೆಳೆಯರು ಒರಗಿದಂತೆ. ಹಿಡಿ ಒಂದು ಎಳೆಯಷ್ಟೂ ತಿರುಗುತ್ತಿರಲಿಲ್ಲ. ಆಹಾ ಎಂದುಕೊಂಡ ಪಿಯೆರಾ. ಇನ್ನೂ ಚೆನ್ನಾಗಿ ನೋಡಲು ಕತ್ತು ಮುಂದೆ ಚಾಚಿದ. ಗದ್ದದ ಮೇಲಿದ್ದ ಅವನ ಕೈ ಸಡಿಲಾಯಿತು.

ಮರಿ ತಲೆ ಝಾಡಿಸಿತು. ಕಚ್ಚು ಕುಯ್ದು ಹೊರಬರುತ್ತಿದ್ದ ಅಲಗು ಕಿವಿಯ ಅಂಚಿನಲ್ಲೇ ಬೆರಳಗಲ ಕೆಳಗೆ ಇನ್ನೊಂದು ತುತ್ತು ತೆಗೆದುಕೊಂಡು ಹೋಯಿತು.

ಪಿಯೆರಾ ಮತ್ತೆ ಹಿಡಿದ, ಆದರೆ ಹಿಡಿದು ಆಗಬೇಕಾದದ್ದು ಏನೂ ಇರಲಿಲ್ಲ. ಊಲಾ ಬಂದು ಬಗ್ಗಿ ನೋಡಿದ.

“ಎರಡು ಬಿತ್ತು,” ಎಂದ. ಗೆದ್ದ ದನಿಯಲ್ಲಿ ಹೇಳಿದ್ದರೆ ವಾಸಿಯಿತ್ತು. ಅವನು ಬಹಳ ಮೆಲ್ಲಗೆ ಹೇಳಿದ. “ಸಾಕು ಅತ್ತೆ. ಕೈ ದಣಿದಿದೆ. ಕೊಡು ನನಗೆ.”

“ಊಲಾ, ತಪ್ಪು ನಂದು,” ಎಂದ ಪಿಯೆರಾ. ಎಲ್ಲರಿಗೂ ಕೇಳಲೆಂದು ದನಿ ಎತ್ತಿದ. “ನಾನು ಹಿಡಿತ ಬಿಟ್ಟೆ. ಅವಳ ಕೈ ಜಾರಿಲ್ಲ.”

“ಇರ್ಲಿ ಬಿಡು ಪಿಯೆರಣ್ಣ. ನೀನು ಹಾಗನ್ದೇ ಇನ್ನೇನಂತೀಯ.”

ಮರಿ ಸಿಕ್ಕಿದವನೇ ತಪ್ಪನ್ನೂ ಹೊತ್ತುಕೊಂಡರೆ ಅದನ್ನು ದೊಡ್ಡತನ ಎನ್ನುತ್ತಾರೆಯೇ ಹೊರತು ನಿಜ ಎನ್ನುವುದಿಲ್ಲ. ಬೇಲಿಯ ಬಳಿಯ ಮುದುಕ ತನ್ನ ಬೂಟನ್ನು ನೋಡಿಕೊಳ್ಳುತ್ತಿದ್ದ. ಪಿಯೆರಾನ ಕಿವಿ ಬಿಸಿಯಾಯಿತು. ಐವತ್ತು ದಾಟಿದ ಗಂಡಸು, ಹೊಸ ಬೂಟು ನೋಡಿಕೊಳ್ಳುತ್ತಾ ಕೆಸರಿಗೆ ಬಿದ್ದ ಮಗುವಿನ ಹಾಗೆ ತನ್ನ ಕೆಲಸ ನೋಡಿಕೊಳ್ಳುತ್ತಾ ಅವಳ ಅರವತ್ತು ಬೇಸಿಗೆಯನ್ನು ಕೈಬಿಟ್ಟಿದ್ದ.

ರೌನಾ ಹುಲ್ಲಿನಲ್ಲಿ ಬಿದ್ದಿದ್ದ ಕಿವಿಯ ಚೂರನ್ನು ಎತ್ತಿ ತೋಳಿಗೆ ಒರೆಸಿ ಅವನತ್ತ ಚಾಚಿದಳು.

“ಇಟ್ಕೋ. ನಿನ್ನ ಮರಿ.”

“ರೌನಕ್ಕ...”

“ಕಿವಿ ಹೇಳಿದ್ದೇ ಮಾತು. ಇಟ್ಕೋ.”

ಅವನು ಇಟ್ಟುಕೊಂಡ. ಅವಳು ಚಾಕನ್ನು ಇನ್ನೂ ಊಲಾನಿಗೆ ಕೊಟ್ಟಿರಲಿಲ್ಲ, ಒರೆಗೂ ಹಾಕಿರಲಿಲ್ಲ. ಮಂಡಿಯೂರಿಯೇ ಇದ್ದಳು. ಊಲಾ ಕೈ ಚಾಚಿ ನಿಂತಿದ್ದ. ಸುತ್ತುತ್ತಿದ್ದ ಹಿಂಡಿನಲ್ಲಿ ಪಿಯೆರಾನ ಕಣ್ಣಿಗೆ ತನ್ನ ಒಂಟಿಕೊಂಬಿನ ಮುದಿ ಸಾರಂಗ ಬಿತ್ತು, ಹಿಂದೆಯೇ ಅದರ ಕಂದುಬಣ್ಣದ ಮರಿ.

“ಊಲಾ, ಆ ಒಂಟಿಕೊಂಬಿನ ಹಿಂದೆ ಹೋಗ್ತಿರೋದನ್ನ ಹಿಡಿ,” ಎಂದ.

ಊಲಾ ಅವನನ್ನೂ ಅತ್ತೆಯನ್ನೂ ನೋಡಿದ. ಆಮೇಲೆ ಕುಣಿಕೆ ಎಸೆದ. ಪಿಯೆರಾ ಮರಿಯನ್ನು ತಂದು ರೌನಾಳ ಮುಂದೆ ಮಲಗಿಸಿ ಅದುಮಿ ಹಿಡಿದ.

“ಕುಯ್ಯಿ. ನಿನ್ನ ಗುರುತು ಹಾಕು.”

“ಇದು ನಿನ್ನ ಒಂಟಿಕೊಂಬಿನ ಮರಿ.”

“ಹೌದು. ಒಂದಕ್ಕೆ ಒಂದು.”

ರೌನಾ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. “ನಿಮ್ಮಪ್ಪಂಗೆ ಈ ಬುದ್ಧಿ ಇದ್ದಿದ್ರೆ ನಮ್ಮಪ್ಪ ಹನ್ನೊಂದು ವರ್ಷ ಒಬ್ಬನೇ ಕಾಫಿ ಕುಡೀಬೇಕಾಗಿರ್ಲಿಲ್ಲ,” ಎಂದಳು. ಮುಂದಕ್ಕೆ ಬಾಗಿ ಬಲಗಿವಿಯನ್ನು ಹಿಡಿದಳು. “ಗಟ್ಟಿಯಾಗಿ ಹಿಡ್ಕೋ. ಈ ಸಲ ಮರೀನ ನೋಡು, ಚಾಕಿನ ಹಿಡೀನಲ್ಲ.”

ಹಾಗಾದರೆ ನೀನು ಹೇಳಿದ್ದು ನಿಜವೇ ಎಂಬಂತೆ ಊಲಾ ತಟ್ಟನೆ ಪಿಯೆರಾನ ಕಡೆ ತಿರುಗಿದ. ಪಿಯೆರಾ ತಲೆ ಎತ್ತಲಿಲ್ಲ. ಅವನು ಮರಿಯ ಕಣ್ಣನ್ನೇ ನೋಡುತ್ತಿದ್ದ. ಆ ಕರಿಯ ಕಣ್ಣಿನಲ್ಲಿ ಮೋಡವಿತ್ತು, ಬೇಲಿಯಿತ್ತು, ಬಾಗಿದ ಒಬ್ಬ ಹೆಂಗಸಿದ್ದಳು. ಬಲಗಿವಿಯ ತುದಿ ಓರೆಯಾಗಿ ಬಂತು. ಎಡಗಿವಿಯ ಮಡಿಕೆಯ ಮೇಲೆ ಅಲಗು ಎಳೆದ ಸದ್ದು ಕೇಳಿಸಿತು. ಒಂದು ಕಚ್ಚು. ಇಷ್ಟಾದರೆ ಅದು ಅವಳ ಮರಿ. ಅವನು ಎದ್ದೇಳಲು ಭುಜ ಸಡಿಲಿಸಿದ.

“ಇನ್ನೂ ಮುಗಿದಿಲ್ಲ,” ಎಂದಳು ರೌನಾ.

ಅವಳು ಕಿವಿಯನ್ನು ಬೆರಳಗಲ ಕೆಳಗೆ ಸರಿಸಿ ಮತ್ತೆ ಮಡಚಿದಳು. ಅವಸರ ಮಾಡಲಿಲ್ಲ. ಬೇಲಿಯ ಬಳಿ ಇದ್ದವರೆಲ್ಲ ನೋಡುತ್ತಿದ್ದರು, ಅವರು ನೋಡಲಿ ಎಂದು ಅವಳೂ ಸ್ವಲ್ಪ ತಡೆದಳು. ಆಮೇಲೆ ಎಳೆದಳು. ಎರಡನೆಯ ಕಚ್ಚು. ಮರಿ ಪಿಯೆರಾನದಾಗಿಯೇ ಉಳಿಯಿತು.

ಚೂರನ್ನು ಪಿಯೆರಾನ ಅಂಗೈಯಲ್ಲಿಟ್ಟು ಅವಳು ಕೇಳಿದಳು. “ಊಲಾ, ನೋಡು ಬಾ. ಎಷ್ಟಿದೆ?”

ಊಲಾ ಬಗ್ಗಿ ಕಿವಿಯನ್ನು ಬೆರಳಲ್ಲಿ ಬಿಡಿಸಿದ. “ಎರಡು.”

“ಸರಿಯಾಗಿದೆಯಾ?”

“ಸರಿಯಾಗಿದೆ.”

“ಎರಡು ಬೇಕಾದಾಗ ಎರಡು ಬೀಳುತ್ತೆ. ಒಂದು ಬೇಕಾದಾಗ ಒಂದು. ಹಿಡ್ಕೊಳ್ಳೋನು ನೆಟ್ಟಗೆ ಹಿಡ್ಕೊಂಡ್ರೆ.” ಅವಳು ನೋಡದೆಯೇ ಚಾಕನ್ನು ಎದೆಯ ಒರೆಗೆ ತಳ್ಳಿದಳು. ಅದು ಕಚ್ಚಿಕೊಂಡ ಸದ್ದು ಬಂತು. “ನಿಂತ್ಕೊಂಡೇನು ನೋಡ್ತೀಯ? ಮುಂದಿನದು ತಾ.”

ಕಿವಿ ಬಿಡಿಸಿದ ಊಲಾನ ಕೈ ಹಾಗೇ ಇತ್ತು. ಅವನು ಅದನ್ನು ಎಲ್ಲಿಡುವುದೆಂದು ತಿಳಿಯದವನಂತೆ ನೋಡಿಕೊಂಡ. ಆಮೇಲೆ ಬಗ್ಗಿ ಹಗ್ಗವನ್ನು ಸುತ್ತತೊಡಗಿದ.

“ತರ್ತೀನಿ ಅತ್ತೆ,” ಎಂದ.

ಸಂಜೆಯ ಹೊತ್ತಿಗೆ ಕೆಲಸ ಮುಗಿದು ಬೆಂಕಿಯ ಮೇಲೆ ಕಾಫಿ ಕುದಿಯುತ್ತಿತ್ತು. ರೌನಾ ಕಿವಿಯ ಚೂರುಗಳನ್ನು ಚಪ್ಪಟೆ ಕಲ್ಲೊಂದರ ಮೇಲೆ ಸುರಿದು ಎಣಿಸಿದಳು. ಮೂವತ್ತೊಂದು. ಊಲಾನ ಮಗಳು ಬಂದು ಪಕ್ಕದಲ್ಲಿ ಕೂತು ಮೊದಲಿಂದ ಮತ್ತೆ ಎಣಿಸಿದಳು. ಊಲಾ ಅತ್ತೆಯ ಮರದ ಬಟ್ಟಲಿಗೆ ಆ ಸೀಮೆಯ ರೂಢಿಯಂತೆ ಗಿಣ್ಣಿನ ತುಂಡುಗಳನ್ನು ಹಾಕಿ, ಮೇಲೆ ಕಾಫಿ ಸುರಿದು, ಅವಳ ಬಲಗೈಗೆ ಕೊಟ್ಟ. ಅವಳು ನಾಲ್ಕು ಬೆರಳಲ್ಲಿ ಅದನ್ನು ಅಪ್ಪಿ ಹಿಡಿದಳು. ಬಟ್ಟಲಿನ ಕೆಳಗೆ ಕೊರಳಿನ ಚಾಕು ಸಣ್ಣಗೆ ತೂಗುತ್ತಿತ್ತು.

ಪಿಯೆರಾ ಬೆಂಕಿಯ ಈ ಕಡೆ ಕೂತು ಜೇಬಿಗೆ ಕೈ ಹಾಕಿದ. ಎರಡು ಚೂರುಗಳು ಅಂಗೈಗೆ ಬಂದವು. ಎರಡೂ ಹೆಬ್ಬೆರಳಿನ ಉಗುರಿನಷ್ಟಿದ್ದವು, ಎರಡರ ಅಂಚೂ ನೆಟ್ಟಗೆ, ಎರಡರ ಮೇಲೂ ಮೆತ್ತನೆಯ ಕಂದು ರೋಮ. ಒಂದು ತಾನು ಕೈಬಿಟ್ಟಾಗ ಬಿದ್ದದ್ದು, ಒಂದು ಅವಳು ಬೇಕೆಂದು ಕುಯ್ದದ್ದು. ಅವನು ಅವನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ. ಯಾವುದು ಯಾವುದೆಂದು ಗೊತ್ತಾಗಲಿಲ್ಲ.